ಹಳದಿ ಗೆರೆ

ಪಾಯಿಂಟ್ ಕುಕ್, ಮೆಲ್ಬರ್ನ್
4 ನವೆಂಬರ್ 2025

ಇಂದ್ರೇಶ,

ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಕಾಗದವನ್ನಾದರೂ ಒಡೆದು ನೋಡುತ್ತೀಯೇನೋ ಎಂದು ಬರೆಯುತ್ತಿದ್ದೇನೆ. ಭದ್ರಾವತಿ ಬಿಟ್ಟ ಮೇಲೆ ಕನ್ನಡದಲ್ಲಿ ಇಡೀ ಒಂದು ಪುಟ ಬರೆದವಳಲ್ಲ ನಾನು, ಆಗಲೇ ಕೈ ನೋಯುತ್ತಿದೆ.

ಭಾಸ್ಕರ ಹೋಗಿ ಇವತ್ತಿಗೆ ಮೂರು ವಾರ. ದಹನದ ದಿನ ನೀನು ಚಿತಾಗಾರದ ಬಾಗಿಲಲ್ಲಿ ನಿಂತದ್ದನ್ನು ನೋಡಿದೆ. ನನ್ನ ಕಣ್ಣಿಗೆ ಬಿದ್ದೆ ಎಂದು ಗೊತ್ತಾದ ಕೂಡಲೇ ಹೊರಟುಬಿಟ್ಟೆ. ನನ್ನ ತಮ್ಮನ ಜೊತೆ ಒಂದೇ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದೆ, ಅವನ ಜೊತೆಗೇ ಓದಲು ಸಿಡ್ನಿಗೆ ಬಂದೆ, ಒಂಬತ್ತು ವರ್ಷ ಒಂದೇ ಟ್ರಾಮಿನಲ್ಲಿ ಕೆಲಸ ಮಾಡಿದೆ. ಅವನು ಚಾಲಕ, ನೀನು ಫಿಟ್ಟರ್. ಅಂಥವನು ಪೆಟ್ಟಿಗೆಗೆ ಹೆಗಲು ಕೊಡಲಿಲ್ಲ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಕಂಪನಿಯಿಂದ ಶ್ರೀವಿದ್ಯಾಳಿಗೆ ಪತ್ರ ಬಂದಿದೆ. ಟ್ರಾಮ್ ಎಳೆಯುವ ಕೇಬಲ್ ಯಾವ ಮುನ್ಸೂಚನೆಯೂ ಇಲ್ಲದೆ ಬಂಡಿಯಿಂದ ಕಳಚಿಕೊಂಡಿತಂತೆ. ಚಾಲಕರು ಸಕಾಲಕ್ಕೆ ಬ್ರೇಕ್ ಹಾಕಿದ್ದರೆ ಬಂಡಿ ನಿಲ್ಲುವ ಸಾಧ್ಯತೆ ಇತ್ತಂತೆ. ಅವಳು ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಂದು ಅದನ್ನು ಓದಿ, ಮಡಚಿ ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ. ಗಂಡ ಸತ್ತವಳಿಗೆ ಬರೆಯುವ ಮಾತೇ ಅದು? ಮಗಳು ಅನಘಾ ತೆಗೆದು ಓದಿದ್ದಾಳೆ. ಹದಿನೈದು ವರ್ಷದ ಹುಡುಗಿ, ಅಪ್ಪನ ತಪ್ಪಿನಿಂದ ಅಪ್ಪ ಸತ್ತ, ಆರು ಜನರ ಕೈಕಾಲು ಮುರಿಯಿತು ಎಂದು ನಂಬಿಕೊಂಡು ಓಡಾಡುತ್ತಿದ್ದಾಳೆ.

ಆ ಬ್ರೇಕ್ ಬಿಚ್ಚಿ ಜೋಡಿಸುವವನು ನೀನು. ಅವನ ನೀಲಿ ಬಂಡಿಯ ಅಡಿಗೆ ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಇಳಿಯುವವನು ನೀನು. ನನ್ನ ತಮ್ಮ ಬ್ರೇಕ್ ಹಾಕಿದನೋ ಇಲ್ಲವೋ? ಇಷ್ಟು ಬರೆದು ಕಳಿಸು. ಏಪ್ರಿಲಿನಲ್ಲಿ ಸಾವಿನ ಕಾರಣ ಹುಡುಕುವ ಕೊರೋನರ್ ಕೋರ್ಟಿನಲ್ಲಿ ವಿಚಾರಣೆ ಇದೆ, ಅಲ್ಲಿಯೂ ಅದನ್ನೇ ಹೇಳು. ಬೇರೇನೂ ಕೇಳುವುದಿಲ್ಲ.

ನಿನ್ನ
ವೇದಕ್ಕ


ವೆಸ್ಟ್‌ಮೀಡ್, ಸಿಡ್ನಿ
21 ನವೆಂಬರ್ 2025

ವೇದಕ್ಕನಿಗೆ ನಮಸ್ಕಾರ.

ಫೋನ್ ಎತ್ತದಿದ್ದದ್ದು ತಪ್ಪು. ಯಾರ ಜೊತೆಯೂ ಮಾತಾಡಬೇಡಿ, ಮೆಸೇಜ್ ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ. ಕಾಗದದ ವಿಷಯ ಹೇಳಲಿಲ್ಲ. ಇನ್ನೂ ಕಾಗದ ಬರೆಯುವವರಿದ್ದಾರೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ನೀನು ಹಾರ್ಲೋ ಸ್ಟ್ರೀಟ್ ಟ್ರಾಮಿನಲ್ಲಿ ಕೂತಿದ್ದೀಯ, ಆದರೆ ಅದು ಹೇಗೆ ನಡೆಯುತ್ತದೆ ಎಂದು ನಾವಿಬ್ಬರೂ ನಿನಗೆ ನೆಟ್ಟಗೆ ಹೇಳಲೇ ಇಲ್ಲ. ಹಡಗುಕಟ್ಟೆಯಿಂದ ಮೇಲಿನ ಅಂಗಡಿ ಬೀದಿಗೆ ಹತ್ತಲು ಹಿಂದೆ ಕುದುರೆಗಳು ಸೋಲುತ್ತಿದ್ದವಂತೆ. ಅದಕ್ಕೆಂದು 1893ರಲ್ಲಿ ಬೀದಿಯ ನಡುವೆಯೇ ಹಳಿ ಹಾಸಿ ಎರಡು ಬಂಡಿ ಇಟ್ಟರು. ಎರಡಕ್ಕೂ ಸೇರಿ ಒಂದೇ ಕೇಬಲ್. ಅದರ ಒಂದೊಂದು ತುದಿ ಒಂದೊಂದು ಬಂಡಿಗೆ, ನಡುವಿನ ಭಾಗ ಮೇಲಿನ ಸ್ಟೇಷನ್ನಿನ ನೆಲದಡಿ ಇರುವ ದೊಡ್ಡ ಚಕ್ರದ ಮೇಲೆ. ಬಾವಿಯ ರಾಟೆಗೆ ಎರಡು ಕಡೆಯೂ ಕೊಡ ಕಟ್ಟಿದ ಹಾಗೆ, ಒಂದು ಇಳಿದರೆ ಇನ್ನೊಂದು ಏರಲೇಬೇಕು. ಮೊದಲು ಮೋಟರ್ ಇರಲಿಲ್ಲ. ಬಂಡಿಗಳ ಹೊಟ್ಟೆಯಲ್ಲಿ ನೀರಿನ ತೊಟ್ಟಿ ಇತ್ತು. ಮೇಲಿದ್ದದ್ದಕ್ಕೆ ನೀರು ತುಂಬಿಸಿದರೆ ಭಾರಕ್ಕೆ ಇಳಿಯುತ್ತಿತ್ತು, ಕೆಳಗಿದ್ದದ್ದನ್ನು ಎಳೆದುಕೊಳ್ಳುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ನೀರು ಚೆಲ್ಲಿಬಿಡುತ್ತಿದ್ದರು. ಆಮೇಲೆ ಮೋಟರ್ ಬಂತು, ಅದಾದ ಮೇಲೆ ಬಸ್ಸು ಬಂತು. 1956ರಲ್ಲಿ ನಿಲ್ಲಿಸಿ ಹಳಿಯ ಮೇಲೆ ಟಾರು ಹಾಕಿದರು. ಹನ್ನೆರಡು ವರ್ಷದ ಹಿಂದೆ ಪ್ರವಾಸಿಗರಿಗೆಂದು ಟಾರು ಅಗೆದು ಮತ್ತೆ ಶುರು ಮಾಡಿದರು.

ಎರಡೂ ಬಂಡಿಗಳ ಚಾಲಕರು ತಮ್ಮ ತಮ್ಮ ಗಂಟೆ ಒತ್ತಿದ ಮೇಲೆಯೇ ಮೋಟರ್ ಮನೆಯಲ್ಲಿ ದೀಪ ಹತ್ತುತ್ತದೆ. ಒಬ್ಬ ಒತ್ತದಿದ್ದರೆ ಇಬ್ಬರೂ ಕದಲುವ ಹಾಗಿಲ್ಲ. ನಡುದಾರಿಯಲ್ಲಿ ಹಳಿ ಕವಲೊಡೆಯುವ ಜಾಗದಲ್ಲಿ ಬಂಡಿಗಳು ಒಂದನ್ನೊಂದು ದಾಟುತ್ತವೆ. ಅಲ್ಲಿ ಭಾಸ್ಕರ ಎದುರಿನ ಚಾಲಕನಿಗೆ ಕೈ ಎತ್ತುತ್ತಿದ್ದ. ದಿನಕ್ಕೆ ನಲವತ್ತು ಸಲ ದಾಟಿದರೆ ನಲವತ್ತು ಸಲವೂ ಎತ್ತುತ್ತಿದ್ದ. ಬೇಜಾರಾಗುವುದಿಲ್ಲವೇನೋ ಎಂದರೆ, ಅವನೂ ನಾನೂ ಒಂದೇ ಹಗ್ಗದಲ್ಲಿ ನೇತಾಡುತ್ತಿರುವವರು, ಮಾತಾಡಿಸದೆ ಹೋಗಲಿಕ್ಕಾಗುತ್ತದೆಯೇ ಎನ್ನುತ್ತಿದ್ದ.

ಅವನು ಒಳ್ಳೆಯ ಚಾಲಕ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಉಳಿದದ್ದು ವಿಚಾರಣೆಯಲ್ಲಿ ಬರುತ್ತದೆ. ಚಂದ್ರಶೇಖರ್ ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ಇಂದ್ರೇಶ್


ಪಾಯಿಂಟ್ ಕುಕ್
9 ಡಿಸೆಂಬರ್ 2025

ಇಂದ್ರೇಶನಿಗೆ,

ನಾನು ಕೇಳಿದ್ದು ಒಂದು ಮಾತು. ನೀನು ಕಳಿಸಿದ್ದು ಟೂರಿಸ್ಟರಿಗೆ ಹಂಚುವ ಪಾಂಪ್ಲೆಟ್ಟು. ನೀರಿನ ತೊಟ್ಟಿ ಕಟ್ಟಿಕೊಂಡು ನಾನೇನು ಮಾಡಲಿ? ನಿನ್ನ ಭಾವನಿಗೆ ಓದಿ ಹೇಳಿದೆ. ಕೆಲಸಕ್ಕೆ ಹೊರಟು ಕಾರಿನ ಕೀ ಕೈಯಲ್ಲಿ ಹಿಡಿದು ನಿಂತಿದ್ದವರು, ಇವನು ಏನನ್ನೋ ನುಂಗಿಕೊಂಡಿದ್ದಾನೆ ಎಂದರು. ನನಗೂ ಹಾಗೆಯೇ ಅನ್ನಿಸಿತು. ಚಿಕ್ಕಂದಿನಲ್ಲಿ ನಮ್ಮ ಮನೆಯ ಗಡಿಯಾರ ಬಿಚ್ಚಿ ಹಾಳುಮಾಡಿದಾಗಲೂ ನೀನು ಹೀಗೇ, ಅದರ ಮುಳ್ಳು ಹೇಗೆ ತಿರುಗುತ್ತದೆ ಎಂದು ಅಪ್ಪನಿಗೆ ಅರ್ಧ ಗಂಟೆ ವಿವರಿಸಿದ್ದೆ.

ಹೋದ ಶನಿವಾರ ಸಿಡ್ನಿಗೆ, ಎಪ್ಪಿಂಗಿನ ಶ್ರೀವಿದ್ಯಾಳ ಮನೆಗೆ ಹೋಗಿದ್ದೆ. ದಾರಿಹೋಕರು ಯಾರೋ ತೆಗೆದ ಹನ್ನೊಂದು ಸೆಕೆಂಡಿನ ವಿಡಿಯೋ ಅನಘಾಳ ಸ್ಕೂಲಿನಲ್ಲೆಲ್ಲ ಓಡಾಡಿದೆ. ನೀಲಿ ಬಂಡಿ ಸರ್ರನೆ ಇಳಿದು ಹೋಗುತ್ತದೆ, ಅದರಲ್ಲಿ ನನ್ನ ತಮ್ಮನ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಅಲುಗುವುದಿಲ್ಲ. ಅವಳು ಫೋನ್ ನನ್ನ ಕೈಗೆ ಕೊಟ್ಟು, "ಡಿಡ್ ಹೀ ಫ್ರೀಜ್, ಅತ್ತೆ?" ಎಂದಳು. ಹೆದರಿ ಕೈಕಾಲು ಆಡದೆ ನಿಂತುಬಿಟ್ಟರಾ ಎಂದು ಕೇಳುತ್ತಿದ್ದಾಳೆ. ಇಲ್ಲ ಮಗಳೇ ಎಂದೆ. ಹೌ ಡು ಯು ನೋ ಎಂದಳು.

ಶ್ರೀವಿದ್ಯಾಳ ವಕೀಲರು ನಿನ್ನ ದಿನದ ತಪಾಸಣೆಯ ರಿಜಿಸ್ಟರಿನ ಪ್ರತಿ ತೋರಿಸಿದರು. ಅಕ್ಟೋಬರ್ ಎರಡರಿಂದ ಹದಿನಾಲ್ಕರವರೆಗೆ, ಅಪಘಾತದ ದಿನದ ಬೆಳಗ್ಗೆಯನ್ನೂ ಸೇರಿಸಿ, ಹದಿಮೂರು ದಿನವೂ ಒಂದೇ ಮಾತು: ಗೆರೆ ಸರಿಯಿದೆ. ಪಕ್ಕದಲ್ಲಿ ನಿನ್ನ ಸಹಿ. ಗೆರೆ ಸರಿಯಿದ್ದರೆ ಕೇಬಲ್ ಗಟ್ಟಿಯಾಗಿತ್ತು ಎಂದು ಅರ್ಥವಂತೆ. ಕೇಬಲ್ ಗಟ್ಟಿಯಾಗಿದ್ದರೆ ಫಿಟ್ಟರನ ತಪ್ಪಿಲ್ಲ, ಕಂಪನಿಯ ತಪ್ಪಿಲ್ಲ, ಉಳಿದವನು ಬ್ರೇಕ್ ಹಿಡಿದವನೊಬ್ಬನೇ. ಅದು ಯಾವ ಗೆರೆ ಇಂದ್ರೇಶ? ಹದಿಮೂರು ದಿನ ಸರಿಯಿದ್ದ ಗೆರೆ ಅವತ್ತು ಹತ್ತು ಗಂಟೆಗೆ ಎಲ್ಲಿ ಹೋಯಿತು?

ವೇದಾವತಿ


ವೆಸ್ಟ್‌ಮೀಡ್
12 ಜನವರಿ 2026

ವೇದಕ್ಕ,

ಭಾಸ್ಕರ ಬ್ರೇಕ್ ಹಾಕಿದ. ತಕ್ಷಣ ಹಾಕಿದ. ಅಪಘಾತವಾದ ಮೇಲೆ ಬಂಡಿಯ ಹತ್ತಿರ ಮೊದಲು ಹೋದವನು ನಾನು. ಬ್ರೇಕಿನ ಚಕ್ರವನ್ನು ಕೊನೆಯ ಸುತ್ತಿನವರೆಗೂ ತಿರುಗಿಸಿದ್ದ. ಆಮೇಲೆ ಅದನ್ನು ಬಿಡಿಸಲು ಇಬ್ಬರು ಗಂಡಸರು ಬೇಕಾಯಿತು. ಬ್ರೇಕಿನ ಬ್ಲಾಕುಗಳು ಸುಟ್ಟು ಬಂಡಿಯ ಗಾಲಿಗೆ ಮೆತ್ತಿಕೊಂಡಿದ್ದವು. ವಿಡಿಯೋದಲ್ಲಿ ಬೆನ್ನು ಅಲುಗುವುದಿಲ್ಲ ಎಂದರೆ ತಿರುಗಿಸಲು ಇನ್ನು ಸುತ್ತೇ ಉಳಿದಿರಲಿಲ್ಲ, ಹಿಡಿದುಕೊಂಡು ನಿಂತಿದ್ದ. ನೆಲದ ಮೇಲೆ ಕೂತುಕೊಳ್ಳಿ ಎಂದು ಅವನು ಕೂಗಿದ್ದಕ್ಕೇ ತಾವು ಬದುಕಿದ್ದು ಎಂದು ಗಾಯಗೊಂಡ ಮುದುಕಿಯೊಬ್ಬರು ನನಗೆ ಹೇಳಿದರು.

ಆ ಬ್ರೇಕ್ ಇರುವುದು ಕೇಬಲಿಗೆ ಕಟ್ಟಿದ ಬಂಡಿಗೆ. ಕೇಬಲ್ ಬಿಟ್ಟುಹೋದ ಬಂಡಿಯನ್ನು ಆ ಇಳಿಜಾರಿನಲ್ಲಿ ಯಾರೂ ನಿಲ್ಲಿಸಲಾರರು. ಇದನ್ನು ಅನಘಾಳಿಗೆ ಓದಿ ಹೇಳು.

ಗೆರೆ ಎಂದರೆ ಇಷ್ಟೇ. ಕೇಬಲಿನ ತುದಿಯನ್ನು ಬಂಡಿಯ ಅಡಿಯಲ್ಲಿ ಒಂದು ಉಕ್ಕಿನ ಸಾಕೆಟ್ಟಿನೊಳಗೆ ತೂರಿಸಿ, ಕರಗಿಸಿದ ಲೋಹ ಹೊಯ್ದು ಹಿಡಿಸಿರುತ್ತಾರೆ. ಆ ಸೇರುವ ಜಾಗದಲ್ಲಿ, ಅರ್ಧ ಕೇಬಲಿನ ಮೇಲೆ ಅರ್ಧ ಸಾಕೆಟ್ಟಿನ ಮೇಲೆ, ನಾನು ಹಳದಿ ಬಣ್ಣದಲ್ಲಿ ಗೆರೆ ಎಳೆದಿರುತ್ತೇನೆ. ಕೇಬಲ್ ಅಕ್ಕಿಕಾಳಿನಷ್ಟು ಜಾರಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಆಗ ಟ್ರಾಮ್ ಬಿಡುವಂತಿಲ್ಲ.

ಗೆರೆಯ ಬಗ್ಗೆ ಇನ್ನು ಕೇಳಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಇಂದ್ರೇಶ್


ಪಾಯಿಂಟ್ ಕುಕ್
17 ಫೆಬ್ರವರಿ 2026

ಇಂದ್ರೇಶ,

ನಿನ್ನ ಕಾಗದವನ್ನು ಅನಘಾಳಿಗೆ ಫೋನಿನಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದಿ ಎಂದಳು. ಮೂರು ಸಲ ಓದಿದೆ. ಅದಕ್ಕೆ ನಿನಗೆ ಒಳ್ಳೆಯದಾಗಲಿ.

ಆದರೆ ವಕೀಲರು ತಲೆಯಾಡಿಸಿದರು. ತಡವಾಗಿ, ಗಾಬರಿಯಿಂದ ಒಮ್ಮೆಲೇ ಹಾಕಿದರೂ ಬ್ಲಾಕುಗಳು ಸುಡುತ್ತವೆ ಎಂದು ಕಂಪನಿಯವರು ವಾದಿಸುತ್ತಾರಂತೆ. ಕೇಬಲ್ ಮೊದಲೇ ಜಾರುತ್ತಿತ್ತು, ಆ ಬಂಡಿಯನ್ನು ಅವತ್ತು ಬಿಡಲೇಬಾರದಿತ್ತು ಎಂದು ತೋರಿಸದಿದ್ದರೆ ಭಾಸ್ಕರನ ಹೆಸರು ಹಾಗೆಯೇ ಉಳಿಯುತ್ತದೆ. ಅದಕ್ಕೆ ಅಡ್ಡ ನಿಂತಿರುವುದು ನಿನ್ನ ಹದಿಮೂರು ಸಹಿ. ನನ್ನ ಒಳ್ಳೆಯದು ಎಂದು ಬರೆದಿದ್ದೀಯ. ನನಗೆ ಇದರಲ್ಲಿ ಯಾವ ಒಳ್ಳೆಯದು, ಯಾವ ಕೆಟ್ಟದ್ದು?

ಬೇರೆ ದಾರಿ ಕಾಣದೆ ನಾನೇ ಒಂದು ಸಾಕ್ಷಿ ಹುಡುಕಿದ್ದೇನೆ. ಆಯುಧಪೂಜೆಯ ದಿನ ನಾನು ಸಿಡ್ನಿಯಲ್ಲೇ ಇದ್ದೆನಲ್ಲ. ಮೊದಲ ಟ್ರಾಮ್ ಹೊರಡುವ ಮುಂಚೆ ನೀವಿಬ್ಬರೂ ಯಾರಿಗೂ ಕಾಣದ ಹಾಗೆ ನನ್ನನ್ನು ಬಂಡಿಯ ಅಡಿಗೆ ಇಳಿಸಿದಿರಿ. ಅಪ್ಪನ ಫ್ಯಾಕ್ಟರಿಯಲ್ಲಿ ವರ್ಷಕ್ಕೊಂದೇ ದಿನ ಹೆಂಗಸರನ್ನು ಒಳಗೆ ಬಿಡುತ್ತಿದ್ದದ್ದು ನೆನಪಾಗಿ ನನಗೆ ಎಷ್ಟು ಹಿಗ್ಗಾಗಿತ್ತು. ಟ್ರಾಮಿನ ಜೀವ ಎಲ್ಲಿದೆ ತೋರಿಸು, ಅಲ್ಲಿಗೇ ಪೂಜೆ ಮಾಡುತ್ತೇನೆ ಎಂದೆ. ನೀನು ಟಾರ್ಚ್ ಬಿಟ್ಟು ತೋರಿಸಿದೆ. ಆಗಲೇ ಅರಿಸಿನ ಹಚ್ಚಿಬಿಟ್ಟಿದ್ದೀಯಲ್ಲೋ ಎಂದು ನಾನು ನಕ್ಕೆ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದೆ. ಭಾಸ್ಕರ ಸೇವಂತಿಗೆ ಹಾರ ಹಿಡಿದುಕೊಂಡು ನಗುತ್ತಿದ್ದ.

ಆ ಕುಂಕುಮವೂ ಅವನ ನಗುವೂ ಕಾಣುವ ಹಾಗೆ ನೀನು ನನ್ನ ಫೋನಿನಲ್ಲಿ ತೆಗೆದ ಫೋಟೋದ ಪ್ರತಿ ಇದರ ಜೊತೆ ಇದೆ. ಅದನ್ನು ಕೋರ್ಟಿಗೆ ಕೊಡುತ್ತೇನೆ. ತನ್ನ ಬಂಡಿಯನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದವನು ಅದರ ಬ್ರೇಕ್ ಹಿಡಿಯಲು ತಡಮಾಡುತ್ತಾನೆಯೇ ಎಂದು ಅವರೇ ನೋಡಲಿ.

ವೇದಕ್ಕ


ವೆಸ್ಟ್‌ಮೀಡ್
6 ಮಾರ್ಚ್ 2026

ವೇದಕ್ಕ,

ಫೋಟೋ ಕೊಡಬೇಡ ಎಂದು ಒಂದು ಕಾಗದ ಬರೆದೆ. ಹರಿದು ಹಾಕಿದೆ. ಇದು ಎರಡನೆಯದು.

ನೀನು ಅರಿಸಿನ ಎಂದು ನಕ್ಕದ್ದು ಆ ಗೆರೆಯನ್ನು ನೋಡಿ. ಅದರ ಮೇಲೆ ನೀನು ಕುಂಕುಮ ಹಚ್ಚಿದೆ.

ಮರುದಿನ ಬೆಳಿಗ್ಗೆ ಇಳಿದು ಟಾರ್ಚ್ ಬಿಟ್ಟೆ. ಗೆರೆ ಕಾಣಲಿಲ್ಲ, ಕುಂಕುಮ ಕಂಡಿತು. ಜೇಬಿನಲ್ಲಿ ಬಟ್ಟೆ ಇತ್ತು. ಒರೆಸಲು ಕೈ ಬರಲಿಲ್ಲ. ಯಂತ್ರಕ್ಕೆ ಇಟ್ಟ ಕುಂಕುಮವನ್ನು ಒರೆಸಬಾರದು, ಅದಾಗಿಯೇ ಉದುರಬೇಕು ಎಂದು ನಿಮ್ಮಪ್ಪ ನಮಗೆಲ್ಲ ಹೇಳುತ್ತಿದ್ದರಲ್ಲ. ಎರಡು ದಿನದಲ್ಲಿ ಉದುರುತ್ತದೆ ಎಂದುಕೊಂಡು ಸಹಿ ಹಾಕಿದೆ. ಎಣ್ಣೆಗೂ ಗ್ರೀಸಿಗೂ ಸೇರಿ ಅದು ಹಕ್ಕಳೆಯ ಹಾಗೆ ಗಟ್ಟಿಯಾಯಿತು. ನಿನ್ನೆ ಏನೂ ಆಗಲಿಲ್ಲ, ಇವತ್ತೂ ಆಗುವುದಿಲ್ಲ ಎಂದು ಮತ್ತೆ ಸಹಿ ಹಾಕಿದೆ. ಹನ್ನೊಂದನೆಯ ದಿನ ಆ ಪದರದಲ್ಲಿ, ಕೇಬಲ್ ಸಾಕೆಟ್ಟಿಗೆ ಸೇರುವಲ್ಲಿ, ಒಂದು ಬಿರುಕು ಕಂಡಿತು. ಕುಂಕುಮ ಒಣಗಿ ಉದುರಲು ಶುರುವಾಯಿತು ಎಂದು ನನಗೆ ಸಮಾಧಾನವಾಯಿತು. ನಿಜವಾಗಿ ಸಮಾಧಾನವಾಯಿತು, ಅಕ್ಕ. ಅದು ಒಣಗಿ ಬಿರಿದದ್ದಲ್ಲ. ಕೇಬಲ್ ಜಾರುತ್ತಿತ್ತು.

ಹದಿನಾಲ್ಕನೇ ತಾರೀಕು ನಾನು ಮೇಲೆ ಬಂದಾಗ ಭಾಸ್ಕರ ಆಗಲೇ ಬಂಡಿಯಲ್ಲಿ ನಿಂತಿದ್ದ. "ಗೆರೆ ನೋಡ್ದೇನೋ?" ಎಂದು ಕೇಳಿದ. ಯಾವತ್ತೂ ಕೇಳುವವನಲ್ಲ. "ನೋಡ್ದೆ, ನಡಿ" ಎಂದೆ. ಅವನು ಗಂಟೆ ಒತ್ತಿದ. ಆವತ್ತಿನ ಏಳನೆಯ ಸರದಿಯಲ್ಲಿ, ಮೇಲಿನಿಂದ ಹೊರಟ ಅರ್ಧ ನಿಮಿಷಕ್ಕೆ ಕೇಬಲ್ ಕಳಚಿತು. ಕೆಳಗಿನ ಬಂಡಿ ಆಗ ತಾನೇ ಕದಲಿತ್ತು, ಹಿಂದಕ್ಕೆ ಸರಿದು ನಿಂತಿತು. ಅವನದು ಹಡಗುಕಟ್ಟೆಯ ಗೋಡೆಯವರೆಗೆ ಹೋಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೊಲೀಸರು ಬರುವ ಮೊದಲು ನಾನು ಸಾಕೆಟ್ಟನ್ನೂ ಕೇಬಲಿನ ತುದಿಯನ್ನೂ ಒರೆಸಿಬಿಟ್ಟೆ. ಹದಿಮೂರು ದಿನ ಬಾರದ ಕೈ ಆವತ್ತು ಬಂತು. ಅಷ್ಟು ದೂರದಲ್ಲಿ ಭಾಸ್ಕರ ಬಿದ್ದಿದ್ದ, ಅವನಿಗೆ ಬಟ್ಟೆ ಹೊದಿಸುತ್ತಿದ್ದರು, ನಾನು ಕೂತು ಕುಂಕುಮ ಒರೆಸುತ್ತಿದ್ದೆ. ಆದ್ದರಿಂದ ಗೆರೆ ಮುಚ್ಚಿತ್ತು ಎನ್ನುವುದಕ್ಕೆ ಈಗ ಉಳಿದಿರುವುದು ನಿನ್ನ ಫೋಟೋ ಒಂದೇ.

ಇದನ್ನು ಹೇಳಿದರೆ ಕುಂಕುಮ ಹಚ್ಚಿದ ನಿನ್ನ ಹೆಸರೂ ಬರುತ್ತದೆ ಎಂದು ಸುಮ್ಮನಿದ್ದೆ. ನಿನ್ನನ್ನು ಉಳಿಸಬೇಕು ಎಂದುಕೊಂಡೆ. ಇನ್ನು ನೀನು ಹೇಳಿದ ಹಾಗೆ.

ಇಂದ್ರೇಶ್


ಪಾಯಿಂಟ್ ಕುಕ್
13 ಏಪ್ರಿಲ್ 2026

ಇಂದ್ರೇಶ,

ತಿಂಗಳಿಗೂ ಮೇಲಾಯಿತು. ಬರೆಯಲು ಕೂತರೆ ಪೆನ್ನು ಹಿಡಿಯುವ ಬೆರಳ ಪಕ್ಕದಲ್ಲೇ ಕುಂಕುಮ ಹಚ್ಚಿದ ಆ ಬೆರಳು ಇರುತ್ತದೆ. ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಅಜ್ಜಿಯರಿಗೆ ಊಟ ಮಾಡಿಸುವಾಗಲೂ ನನ್ನ ಕೈಯನ್ನೇ ನೋಡುತ್ತಿರುತ್ತೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕುಂಕುಮದ ಡಬ್ಬಿ ತೆರೆಯುತ್ತೇನೆ, ಮುಚ್ಚಿಡುತ್ತೇನೆ. ಬರಿಹಣೆಯಲ್ಲೇ ಕೆಲಸಕ್ಕೆ ಹೊರಡುತ್ತೇನೆ.

ನನ್ನನ್ನು ಉಳಿಸಲು ಸುಮ್ಮನಿದ್ದೆ ಎಂದು ಬರೆದಿದ್ದೀಯ. ಆ ಸಾಲನ್ನು ಹೊಡೆದುಹಾಕು. ಪೊಲೀಸರು ಬರುವ ಮೊದಲು ಒರೆಸಿದ್ದು ನನ್ನನ್ನು ಉಳಿಸಲಿಕ್ಕಲ್ಲ. ನನಗೆ ಗೆರೆ ಎಂದರೆ ಏನೆಂದು ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ನೀನು ಬಾಯಿಬಿಟ್ಟು, ಅಕ್ಕ, ಅಲ್ಲಿ ಬೇಡ, ಪಕ್ಕಕ್ಕೆ ಇಡು ಎಂದಿದ್ದರೆ ನಾನು ಪಕ್ಕಕ್ಕೆ ಇಡುತ್ತಿದ್ದೆ.

ಹೀಗೆ ಬರೆದು ನಿನ್ನ ಮೇಲೆ ಎಲ್ಲ ಹೊರಿಸಿಬಿಡೋಣ ಎಂದಿದ್ದೆ. ಆಗುತ್ತಿಲ್ಲ. ಅಪ್ಪನ ಇನ್ನೊಂದು ಮಾತು ನೆನಪಾಯಿತು. ಒಂದು ವರ್ಷ ಫ್ಯಾಕ್ಟರಿಯಲ್ಲಿ ಅಮ್ಮ ಒಂದು ಮೀಟರಿನ ಗಾಜಿಗೆ ಕುಂಕುಮ ಇಟ್ಟಳು. ಅಪ್ಪ ಎಲ್ಲರೆದುರೂ ರೇಗಿ ತಮ್ಮ ಪಂಚೆಯ ಅಂಚಿನಿಂದ ಅದನ್ನು ಒರೆಸಿದರು. ನೋಡಿ ತಿಳಿದುಕೊಳ್ಳುವ ಜಾಗಕ್ಕೆ ಯಾರಾದರೂ ಇಡುತ್ತಾರೆಯೇ, ಯಂತ್ರದ ಮೈಗೆ ಇಡು ಎಂದರು. ನಾನು ಪಕ್ಕದಲ್ಲೇ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ಒರೆಸಬಾರದು ಎಂದದ್ದನ್ನು ನಾವೆಲ್ಲ ನೆನಪಿಟ್ಟುಕೊಂಡೆವು. ಅವರು ಒರೆಸಿದ್ದನ್ನು ಮರೆತೆವು.

ಫೋಟೋ ವಕೀಲರ ಕೈಗೆ ಕೊಟ್ಟಿದ್ದೇನೆ, ನಿನ್ನ ಕಾಗದಗಳನ್ನೂ ಕೊಟ್ಟಿದ್ದೇನೆ. ನನ್ನ ಹೇಳಿಕೆಯನ್ನೂ ಬರೆಸಿದ್ದೇನೆ. ಅದಕ್ಕೆ ಮೊದಲು ಎಪ್ಪಿಂಗಿಗೆ ಹೋಗಿ ಶ್ರೀವಿದ್ಯಾಳಿಗೂ ಅನಘಾಳಿಗೂ ಎಲ್ಲ ಹೇಳಿದೆ. ಶ್ರೀವಿದ್ಯಾ ಎದ್ದು ಅಡುಗೆಮನೆಗೆ ಹೋದಳು, ನಲ್ಲಿ ಬಿಟ್ಟ ಶಬ್ದ ಬಹಳ ಹೊತ್ತು ಕೇಳಿಸಿತು. ಅನಘಾ ಮಾತ್ರ ಕೂತಿದ್ದಳು. ಅಪ್ಪ ಹೆದರಲಿಲ್ಲ ಅಲ್ಲವಾ ಎಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ, "ವಿಚ್ ಫಿಂಗರ್?" ಎಂದಳು. ತೋರಿಸಿದೆ. ಉಂಗುರದ ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು, ಮೆಲ್ಲಗೆ ಕೆಳಗಿಟ್ಟಳು, ಎದ್ದು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆವತ್ತಿನಿಂದ ನನ್ನ ಫೋನ್ ಎತ್ತುತ್ತಿಲ್ಲ.

ವಿಚಾರಣೆ ಇಪ್ಪತ್ತೆಂಟಕ್ಕೆ. ನಾನು ಬಂದು ನನ್ನ ಕೈ ಮಾಡಿದ್ದನ್ನು ಹೇಳುತ್ತೇನೆ. ಫೋಟೋದಿಂದ ಗೆರೆ ಮುಚ್ಚಿತ್ತು ಎಂದಷ್ಟೇ ಗೊತ್ತಾಗುತ್ತದೆ. ಬಿರುಕು ಕಂಡದ್ದನ್ನು ಕಾಗದದಲ್ಲಿ ಬರೆದರೆ ಸಾಲದು, ಅಲ್ಲಿ ನೀನೇ ಬಾಯಿಬಿಟ್ಟು ಹೇಳಬೇಕು, ಕೆಲಸ ಹೋದರೂ, ಜೈಲಾದರೂ. ಭಾಸ್ಕರ ಆವತ್ತು ಬೆಳಿಗ್ಗೆ ಕೇಳಿದ್ದನ್ನೇ ಅಲ್ಲಿ ನಿನ್ನನ್ನು ಮತ್ತೆ ಕೇಳುತ್ತಾರೆ, ಗೆರೆ ನೋಡಿದೆಯಾ ಎಂದು. ಅನಘಾ ಎದುರಿಗೆ ಕೂತಿರುತ್ತಾಳೆ. ಈ ಸಲ ಅವಳ ಮುಖ ನೋಡಿ ಉತ್ತರ ಕೊಡು.

ವೇದಾವತಿ